ಗೂಡಿನ ದರ ಕುಸಿದರೂ ಸೀರೆಯ ದರ ಇಳಿಯದೇಕೆ? ಶಿಡ್ಲಘಟ್ಟದ ಹರಾಜು ಕಟ್ಟೆಯ ಲೆಕ್ಕಾಚಾರ

ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಸುದ್ದಿಪುಟಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಸುದ್ದಿಯೊಂದಿದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ದರ ಕುಸಿದಿದೆ, ಆಮದು ಸುಂಕ ಹೆಚ್ಚಿಸಿ ಎಂದು ರೈತರು ಆಗ್ರಹಿಸಿದ್ದಾರೆ. ಸ್ವಲ್ಪ ದಿನಕ್ಕೇ ಇನ್ನೊಂದು ಸುದ್ದಿ: ನೂಲಿನ ದರ ತಾಳಲಾಗುತ್ತಿಲ್ಲ, ಆಮದು ಸುಂಕ ಇಳಿಸಿ ಎಂದು ನೇಕಾರರು ಮನವಿ ಸಲ್ಲಿಸಿದ್ದಾರೆ. ಮದುವೆ ಜವಳಿಗೆಂದು ಅಂಗಡಿಗೆ ಹೋದವರಿಗೆ ಮಾತ್ರ ಸೀರೆಯ ಬೆಲೆ ಏರಿದ್ದಷ್ಟೇ ಕಾಣುತ್ತದೆ. ಸಾಲದೆಂಬಂತೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದ ಮೇಲೆ, 2,500 ರೂಪಾಯಿ ದಾಟಿದ ಸೀರೆಗೆಲ್ಲ ಶೇ 18ರಷ್ಟು ತೆರಿಗೆ ಎಂಬ ಮಾತೂ ಹರಿದಾಡಿತು.

ರೈತನಿಗೆ ನಷ್ಟ, ನೇಕಾರನಿಗೆ ದುಬಾರಿ, ಕೊಳ್ಳುವವರಿಗೂ ದುಬಾರಿ. ಹಾಗಾದರೆ ಹಣ ಹೋಗುವುದೆಲ್ಲಿಗೆ? ನಡುವೆ ಯಾರೋ ಒಬ್ಬ ನುಂಗುತ್ತಿದ್ದಾನೆ ಎಂದು ಹೇಳಿಬಿಡುವುದು ಸುಲಭ. ಆದರೆ ಗೂಡು ಸೀರೆಯಾಗುವ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡಿದರೆ, ಈ ಮೂವರ ದೂರೂ ಒಂದೇ ಕಾಲಕ್ಕೆ ನಿಜವಾಗಿರಬಹುದು ಎಂಬುದು ಗೊತ್ತಾಗುತ್ತದೆ. ರೈತ ಮತ್ತು ನೇಕಾರರ ನಡುವಿನ ಜಗಳದಂತೆ ಕಾಣುವ ಇದರ ಗಂಟು ಇರುವುದು ಗೂಡು ನೂಲಾಗುವ ಹಂತದಲ್ಲಿ.

ಕಟ್ಟಿಟ್ಟು ಕಾಯಲಾಗದ ಸರಕು

ಹಿಪ್ಪುನೇರಳೆ ಸೊಪ್ಪು ತಿಂದು, ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿದ ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಇಟ್ಟ ಚಂದ್ರಂಕಿ ತಟ್ಟೆಗೆ ಏರುತ್ತದೆ. ಎರಡು ಮೂರು ದಿನ ಬಿಡದೆ ಎಳೆ ಬಿಟ್ಟು ಗೂಡು ಕಟ್ಟುತ್ತದೆ. ಮೊಟ್ಟೆ ಒಡೆದ ದಿನದಿಂದ ಇಲ್ಲಿಯವರೆಗೆ ಹೆಚ್ಚು ಕಡಿಮೆ ನಾಲ್ಕು ವಾರ. ಮುಂದಿನ ಹತ್ತು ಹನ್ನೆರಡು ದಿನಗಳಲ್ಲಿ ಒಳಗೆ ಕೋಶವಾಗಿ (ಪ್ಯೂಪಾ) ಮಾರ್ಪಟ್ಟ ಹುಳು ಪತಂಗವಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಉದ್ದದ ಎಳೆ ಬಿಚ್ಚಲು ಬರುವುದಿಲ್ಲ, ಅದು ಕಸದ ರೇಷ್ಮೆಯ ಲೆಕ್ಕಕ್ಕೆ ಸೇರುತ್ತದೆ.

ಹೀಗಾಗಿ ರಾಗಿ, ಹುರುಳಿಯಂತೆ ಗೂಡನ್ನು ಮನೆಯಲ್ಲಿಟ್ಟುಕೊಂಡು ಒಳ್ಳೆಯ ದರಕ್ಕೆ ಕಾಯುವ ಅವಕಾಶ ರೈತನಿಗಿಲ್ಲ. ಬಿಡಿಸಿದ ಗೂಡನ್ನು ಕೆಲವೇ ದಿನಗಳಲ್ಲಿ ಮಾರಲೇಬೇಕು. ಅದನ್ನೂ ಸಿಕ್ಕಲ್ಲಿ ಮಾರುವಂತಿಲ್ಲ. ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ಉತ್ಪಾದನೆ, ಮಾರಾಟಗಳನ್ನು ನಿಯಂತ್ರಿಸುವ 1959ರ ರಾಜ್ಯ ಕಾಯ್ದೆಯ ಪ್ರಕಾರ ಗೂಡಿನ ವಹಿವಾಟು ಸರ್ಕಾರಿ ಮಾರುಕಟ್ಟೆಯಲ್ಲೇ ನಡೆಯಬೇಕು. ತೂಕದಲ್ಲಿ, ದರದಲ್ಲಿ ದಲ್ಲಾಳಿಗಳು ಮಾಡುತ್ತಿದ್ದ ಮೋಸಕ್ಕೆ ಕಡಿವಾಣ ಹಾಕುವುದು ಕಾಯ್ದೆಯ ಉದ್ದೇಶವಾಗಿತ್ತು. ಆ ಮಟ್ಟಿಗೆ ಅದು ಫಲ ಕೊಟ್ಟಿದೆ ಎನ್ನಲೇಬೇಕು. ರಾಮನಗರದ ನಂತರ ಅತಿ ದೊಡ್ಡದೆಂದು ಹೆಸರಾದ ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರ ಜಿಲ್ಲೆಗಳಿಂದಲೂ, ಆಂಧ್ರದ ಗಡಿಯಾಚೆಯಿಂದಲೂ ಗೂಡು ಬರುವುದಕ್ಕೆ ಅಲ್ಲಿನ ಹರಾಜು ಮತ್ತು ತೂಕದ ಮೇಲಿನ ನಂಬಿಕೆಯೂ ಒಂದು ಕಾರಣ.

ಹರಾಜಿನ ಹೊತ್ತಿಗೆ, ಗೂಡು ಕೊಂಡು ನೂಲು ಬಿಚ್ಚುವ ರೀಲರ್‌ಗಳು ಲಾಟಿನಿಂದ ಲಾಟಿಗೆ, ಅಂದರೆ ಹರಾಜಿಗಿಟ್ಟ ಒಂದು ಗೂಡಿನ ರಾಶಿಯಿಂದ ಇನ್ನೊಂದಕ್ಕೆ, ಓಡಾಡುತ್ತಾರೆ. ಒಂದು ಹಿಡಿ ಗೂಡು ಎತ್ತಿ ಹೆಬ್ಬೆರಳಿನಿಂದ ಒತ್ತುತ್ತಾರೆ. ಚಿಪ್ಪು ಗಟ್ಟಿಯಾಗಿದ್ದರೆ ನೂಲು ಹೆಚ್ಚು. ಒಂದನ್ನು ಕಿವಿಯ ಬಳಿ ಅಲುಗಿಸುತ್ತಾರೆ. ಕೋಶ ಒಳಗೆ ಸತ್ತು ಅಂಟಿಕೊಂಡಿದ್ದರೆ ಶಬ್ದ ಬರುವುದಿಲ್ಲ, ಬಿಚ್ಚುವಾಗ ನೀರೆಲ್ಲ ಕೊಳಕಾಗುತ್ತದೆ. ಈ ಕಣ್ಣಂದಾಜಿನ ಮೇಲೆಯೇ ಮೊಬೈಲಿನಲ್ಲಿ ದರ ಕೂಗಲಾಗುತ್ತದೆ. ಹರಾಜು ಗಣಕೀಕೃತವಾಗಿದೆ, ಗುಣಮಟ್ಟದ ಪರೀಕ್ಷೆ ಮಾತ್ರ ಇಂದಿಗೂ ಬಹುಪಾಲು ಹೆಬ್ಬೆರಳು, ಕಿವಿಗಳಲ್ಲೇ ಉಳಿದಿದೆ. ಈ ಸಂಗತಿ ಮುಂದಿನ ವಾದಕ್ಕೆ ಮುಖ್ಯ.

ಪತ್ರಿಕೆಗಳ ತಲೆಬರಹದಲ್ಲಿ ಬರುವ ದರ ಹಲವು ಸಲ ಆ ದಿನದ ಗರಿಷ್ಠ ದರವಾಗಿರುತ್ತದೆ. ಒಂದೆರಡು ಒಳ್ಳೆಯ ಲಾಟುಗಳಿಗೆ ಸಿಕ್ಕ ಬೆಲೆಯನ್ನು ಮಾರುಕಟ್ಟೆಯ ಬೆಲೆ ಎಂದು ಓದಿಕೊಂಡರೆ ಅರ್ಧ ಗೊಂದಲ ಅಲ್ಲೇ ಹುಟ್ಟುತ್ತದೆ. ನೋಡಬೇಕಾದದ್ದು ಸರಾಸರಿ ದರವನ್ನು, ಅದನ್ನೂ ಮಿಶ್ರತಳಿ (ನಾಡತಳಿಗೆ ದ್ವಿತಳಿ ಬೆರೆಸಿದ ಹುಳುವಿನದು) ಮತ್ತು ದ್ವಿತಳಿ (ಉತ್ತಮ ದರ್ಜೆಯ ನೂಲು ಕೊಡುವ ತಳಿಯದು) ಗೂಡುಗಳಿಗೆ ಪ್ರತ್ಯೇಕವಾಗಿ.

ನೂರು ರೂಪಾಯಿ ಇಳಿದರೆ ಯಾರಿಗೆ ಎಷ್ಟು?

ಒಂದು ಕೆಜಿ ಕಚ್ಚಾ ರೇಷ್ಮೆ ತೆಗೆಯಲು ತಳಿ ಮತ್ತು ಗುಣಮಟ್ಟವನ್ನು ಅವಲಂಬಿಸಿ ಆರೂವರೆಯಿಂದ ಎಂಟು ಕೆಜಿಯಷ್ಟು ಗೂಡು ಬೇಕು. ಲೆಕ್ಕಕ್ಕೆ ಏಳು ಕೆಜಿ ಎಂದಿಟ್ಟುಕೊಳ್ಳೋಣ. ಕಚ್ಚಾ ರೇಷ್ಮೆಯ ಮೇಲೆ ಸೆರಿಸಿನ್ ಎಂಬ ಅಂಟು ಇರುತ್ತದೆ. ಬಣ್ಣ ಹಾಕುವ ಮೊದಲು ಸೋಪಿನ ನೀರಿನಲ್ಲಿ ಕುದಿಸಿ ಅದನ್ನು ತೆಗೆದಾಗ ತೂಕದಲ್ಲಿ ಸುಮಾರು ಕಾಲು ಭಾಗ ಕರಗಿಹೋಗುತ್ತದೆ. ಹಾಗಾಗಿ 450 ಗ್ರಾಂ ರೇಷ್ಮೆಯಿರುವ ಸೀರೆಗೆ 600 ಗ್ರಾಂ ಕಚ್ಚಾ ರೇಷ್ಮೆ, ಅಂದರೆ ನಾಲ್ಕು ಕೆಜಿಗಿಂತ ಸ್ವಲ್ಪ ಹೆಚ್ಚು ಗೂಡು ಬೇಕಾಗುತ್ತದೆ.

ಈಗ ಗೂಡಿನ ದರ ಕೆಜಿಗೆ ನೂರು ರೂಪಾಯಿ ಇಳಿಯಿತು ಎನ್ನೋಣ. ಆ ಇಳಿಕೆ ಪೂರ್ತಿಯಾಗಿ, ಒಂದು ಪೈಸೆಯೂ ಸೋರದೆ ಅಂಗಡಿಗೆ ತಲುಪಿದರೂ ಸೀರೆಯ ಬೆಲೆಯಲ್ಲಿ ಕಡಿಮೆಯಾಗುವುದು 420 ರೂಪಾಯಿ. ಹನ್ನೆರಡು ಸಾವಿರದ ಸೀರೆಯಲ್ಲಿ ಅದು ಕಣ್ಣಿಗೇ ಬೀಳದ ಮೊತ್ತ.

ರೈತನ ಕಡೆಯಿಂದ ನೋಡಿದರೆ ಚಿತ್ರ ಬೇರೆ. ನೂರು ಮೊಟ್ಟೆಗೆ (ಇಲ್ಲಿ ಒಂದು ಮೊಟ್ಟೆ ಎಂದರೆ ಒಂದು ಪತಂಗ ಇಟ್ಟ ಮೊಟ್ಟೆಗಳ ಗುಂಪು) 70 ಕೆಜಿ ಗೂಡು ತೆಗೆಯುವ ರೈತ ಇನ್ನೂರು ಮೊಟ್ಟೆ ಮೇಯಿಸಿದ್ದರೆ, ಅದೇ ನೂರು ರೂಪಾಯಿ ಇಳಿಕೆಯಿಂದ ಒಂದು ಬೆಳೆಯಲ್ಲಿ 14,000 ರೂಪಾಯಿ ಕಳೆದುಕೊಳ್ಳುತ್ತಾನೆ. ಚಾಕಿ ಹುಳುವಿನ (ಕೊಂಡು ತರುವ ಎಳೆಯ ಹುಳು) ದುಡ್ಡು, ಸೊಪ್ಪು ಕೊಯ್ಯುವ ಕೂಲಿ, ಸೋಂಕು ನಿವಾರಕ, ಕೊಳವೆಬಾವಿಯ ಖರ್ಚು ಯಾವುದೂ ಇಳಿದಿರುವುದಿಲ್ಲ. ಇಳಿದ ನೂರೂ ಲಾಭದ ಭಾಗದಿಂದಲೇ ಕಳಚುತ್ತದೆ.

ಸೀರೆಯ ಬೆಲೆಯಲ್ಲಿ ರೇಷ್ಮೆಯ ಪಾಲು ಒಂದು ಮಾತ್ರ. ಹುರಿ ಹಾಕುವ ಖರ್ಚು, ಬಣ್ಣ, ನೇಯ್ಗೆಯ ಕೂಲಿ, ಅಂಗಡಿಯ ಬಾಡಿಗೆ, ವ್ಯಾಪಾರಿಯ ಲಾಭ ಇವೆಲ್ಲ ಅದರಲ್ಲಿ ಸೇರುತ್ತವೆ. ಎಲ್ಲಕ್ಕಿಂತ ಮಿಗಿಲಾದದ್ದು ಜರಿ. ರಾಜ್ಯದ ರೇಷ್ಮೆ ಉದ್ಯಮಗಳ ನಿಗಮ ತನ್ನ ಮೈಸೂರು ರೇಷ್ಮೆ ಸೀರೆಗೆ ಬಳಸುವ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನವಿರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಚಿನ್ನ, ಬೆಳ್ಳಿಯ ದರ ಎಲ್ಲಿಗೆ ಹೋಗಿದೆ ಎಂಬುದನ್ನು ಮದುವೆ ಮಾಡಿದವರಿಗೆ ಹೇಳಬೇಕಾಗಿಲ್ಲ. ಗೂಡು ಅಗ್ಗವಾದ ತಿಂಗಳಲ್ಲೇ ಜರಿ ತುಟ್ಟಿಯಾದರೆ ಸೀರೆ ತುಟ್ಟಿಯೇ. ಜೊತೆಗೆ, ಇವತ್ತು ಅಂಗಡಿಯ ಕಪಾಟಿನಲ್ಲಿರುವ ಸೀರೆ ತಿಂಗಳುಗಳ ಹಿಂದಿನ ನೂಲಿನದು.

ಸುಂಕದ ಜಗಳಕ್ಕೆ ತೊಂಬತ್ತು ವರ್ಷ

ಹದಿನೆಂಟನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ರೇಷ್ಮೆಗೆ ನೆಲೆ ಕೊಟ್ಟ. ನೂರು ವರ್ಷಗಳ ನಂತರ ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ಪದ್ಧತಿಯ ರೇಷ್ಮೆ ತೋಟ ತೆರೆದರು. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆ ಬಾವಿಗಳನ್ನೇ ನಂಬಿದ ಕೋಲಾರದ ಬಯಲಿಗೆ ಈ ಕಸುಬು ಚೆನ್ನಾಗಿ ಒಗ್ಗಿತು. ತುಂಡು ಭೂಮಿಯಲ್ಲೂ ವರ್ಷಕ್ಕೆ ಐದಾರು ಬೆಳೆ, ಎರಡು ತಿಂಗಳಿಗೊಮ್ಮೆ ಕೈಗೆ ಕಾಸು. ಅವಿಭಜಿತ ಕೋಲಾರ ಜಿಲ್ಲೆಯನ್ನು ಚಿನ್ನ, ಹಾಲು, ರೇಷ್ಮೆಯ ನಾಡು ಎನ್ನುವ ರೂಢಿ ಬಂದದ್ದು ಹೀಗೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಉಳಿದೆರಡು ಸಣ್ಣ ರೈತರ ಕೈಯಲ್ಲಿವೆ.

ಹೊರಗಿನ ಆಘಾತ ಈ ಕಸುಬಿಗೆ ಹೊಸದಲ್ಲ. 1929ರ ಮಹಾ ಆರ್ಥಿಕ ಕುಸಿತದಿಂದ ಅಮೆರಿಕದಲ್ಲಿ ರೇಷ್ಮೆಗೆ ಬೇಡಿಕೆ ಬಿದ್ದಾಗ, ಅಲ್ಲಿಗೆ ಹೋಗುತ್ತಿದ್ದ ಜಪಾನಿನ ರೇಷ್ಮೆ ಬೇರೆ ಮಾರುಕಟ್ಟೆಗಳನ್ನು ಹುಡುಕಿತು. ಜಪಾನ್ ಮತ್ತು ಚೀನಾದ ಅಗ್ಗದ ನೂಲು ಭಾರತಕ್ಕೆ ನುಗ್ಗಿ ಮೈಸೂರಿನ ಗೂಡಿನ ದರ ನೆಲ ಕಚ್ಚಿತು. ವಿಚಾರಣೆ ನಡೆದು 1934ರಲ್ಲಿ ಮೊದಲ ಬಾರಿಗೆ ರಕ್ಷಣಾ ಸುಂಕ ಬಂತು. ಅಂದಿನ ವಾದಗಳೂ ಇವೇ: ಸುಂಕವಿಲ್ಲದೆ ರೈತ ಉಳಿಯುವುದಿಲ್ಲ, ಸುಂಕವಿದ್ದರೆ ನೇಕಾರ ಉಳಿಯುವುದಿಲ್ಲ. ಎರಡನೇ ಮಹಾಯುದ್ಧ ಬಂದು ಜಪಾನಿನ ಆಮದು ನಿಂತಾಗ, ಪ್ಯಾರಾಚೂಟ್ ಬಟ್ಟೆಗೆ ರೇಷ್ಮೆ ಬೇಕಾದಾಗ, ಮೈಸೂರಿನ ನೂಲಿಗೆ ತಾತ್ಕಾಲಿಕವಾಗಿ ಸುಗ್ಗಿ ಬಂತು. ಯುದ್ಧ ಮುಗಿಯಿತು, ಸುಗ್ಗಿಯೂ ಮುಗಿಯಿತು.

ಈಚಿನ ಇತಿಹಾಸ ಇನ್ನೂ ನೇರವಾಗಿ ಪಾಠ ಹೇಳುತ್ತದೆ. ಚೀನಾ ತನ್ನ ಕಚ್ಚಾ ರೇಷ್ಮೆಯನ್ನು ಅಗ್ಗವಾಗಿ ಸುರಿಯುತ್ತಿದೆ ಎಂಬ ದೂರಿನ ಮೇಲೆ 2003ರಲ್ಲಿ ಆ್ಯಂಟಿ ಡಂಪಿಂಗ್ ಸುಂಕ ಬಿತ್ತು. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಮೂಲ ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಕೆಲವೇ ವಾರಗಳಲ್ಲಿ ಗೂಡಿನ ದರ ಕುಸಿದು ಶಿಡ್ಲಘಟ್ಟ, ಕೋಲಾರ, ರಾಮನಗರಗಳಲ್ಲಿ ರೈತರು ಬೀದಿಗಿಳಿದರು. ಹಿಪ್ಪುನೇರಳೆ ಕಿತ್ತು ಹಾಕಿದವರೂ ಇದ್ದರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು, ಮತ್ತೆ ಶೇ 10ಕ್ಕೆ ಇಳಿಯಿತು, 2021ರ ಬಜೆಟ್‌ನಲ್ಲಿ ಪುನಃ ಶೇ 15 ಆಯಿತು.

ಹತ್ತು ವರ್ಷಗಳಲ್ಲಿ ಹೀಗೆ ಏರಿಳಿಯುವ ಸುಂಕವನ್ನು ನಂಬಿ ಯಾವ ರೈತ ತೋಟ ಹಾಕಿಯಾನು? ಹಿಪ್ಪುನೇರಳೆ ಟೊಮೆಟೊ ಅಲ್ಲ. ನಾಟಿ ಮಾಡಿದ ತೋಟ ಪೂರ್ಣ ಇಳುವರಿಗೆ ಬರಲು ಒಂದು ವರ್ಷ ಹಿಡಿಯುತ್ತದೆ, ಬಂದ ಮೇಲೆ ಹದಿನೈದು ವರ್ಷ ಸೊಪ್ಪು ಕೊಡುತ್ತದೆ. ದರ ಬಿದ್ದಾಗ ಕಿತ್ತರೆ ಮರುವರ್ಷ ಗೂಡಿಗೆ ಬರ. ಗೂಡಿಗೆ ಬರ ಬಂದಾಗ ನೂಲು ತುಟ್ಟಿ. ನೂಲು ತುಟ್ಟಿಯಾದಾಗ ನೇಕಾರ ಆಮದಿನತ್ತ, ಇಲ್ಲವೇ ಪಾಲಿಯೆಸ್ಟರ್‌ನತ್ತ ತಿರುಗುತ್ತಾನೆ. ಹೀಗೆ ಹೋದ ಬೇಡಿಕೆ, ಗೂಡು ಮತ್ತೆ ಸಾಕಷ್ಟು ಬಂದಾಗ ಪೂರ್ತಿಯಾಗಿ ಮರಳುವುದಿಲ್ಲ.

ಶೇಕಡಾವಾರು ಸುಂಕದಲ್ಲಿ ಇನ್ನೊಂದು ಕೊರತೆಯಿದೆ. ಚೀನಾದ ನೂಲು 100 ರೂಪಾಯಿ ಇದ್ದಾಗ ಶೇ 15ರ ಸುಂಕ 15 ರೂಪಾಯಿ. ಅದೇ ನೂಲು 60ಕ್ಕೆ ಇಳಿದರೆ ಸುಂಕ 9 ರೂಪಾಯಿ. ರಕ್ಷಣೆ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಅದು ತೆಳ್ಳಗಾಗುತ್ತದೆ. ಸುಂಕದ ದರ ಎಷ್ಟಿರಬೇಕೆಂಬ ಚರ್ಚೆ ನಡೆದಷ್ಟು, ಸುಂಕದ ಸ್ವರೂಪ ಹೇಗಿರಬೇಕೆಂಬ ಚರ್ಚೆ ನಮ್ಮಲ್ಲಿ ನಡೆದಿಲ್ಲ.

ನೇಕಾರ ಚೀನಾ ನೂಲನ್ನೇ ಏಕೆ ಕೇಳುತ್ತಾನೆ?

ಅಗ್ಗ ಎಂಬುದು ಅರ್ಧ ಉತ್ತರ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ ಹಾಸು, ಅಡ್ಡಡ್ಡ ಓಡುವ ಎಳೆ ಹೊಕ್ಕು. ಹಾಸಿನ ಎಳೆ ಬಿಗಿತದಲ್ಲಿ ನಿಂತು, ಮಗ್ಗದ ಪ್ರತಿ ಹೊಡೆತಕ್ಕೂ ಉಜ್ಜಾಟ ತಡೆಯಬೇಕು. ಎಲ್ಲೋ ಒಂದೆಡೆ ಸಣ್ಣದಾದರೆ ಅಲ್ಲಿ ತುಂಡಾಗುತ್ತದೆ. ವಿದ್ಯುತ್ ಮಗ್ಗದ ವೇಗದಲ್ಲಂತೂ ಒಂದು ಎಳೆ ತುಂಡಾದರೆ ಮಗ್ಗ ನಿಲ್ಲಿಸಿ, ಹುಡುಕಿ, ಗಂಟು ಹಾಕಿ ಮತ್ತೆ ಶುರು ಮಾಡಬೇಕು. ದಿನಕ್ಕೆ ಇಂಥ ನಿಲುಗಡೆ ಹೆಚ್ಚಿದಷ್ಟೂ ನೇಯ್ದ ಗಜ ಕಡಿಮೆ, ಕೂಲಿಯೂ ಕಡಿಮೆ.

ಚರಕ ಮತ್ತು ಸಣ್ಣ ಘಟಕಗಳಲ್ಲಿ ತೆಗೆದ ನಮ್ಮ ಮಿಶ್ರತಳಿ ನೂಲಿಗೆ ಹೊಳಪು, ಮೃದುತ್ವ ಇದೆ. ಹೊಕ್ಕಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಅದರ ದಪ್ಪ ಒಂದೇ ಸಮ ಇರುವುದಿಲ್ಲ. ದ್ವಿತಳಿ ಗೂಡನ್ನು ಸ್ವಯಂಚಾಲಿತ ಯಂತ್ರದಲ್ಲಿ ಬಿಚ್ಚಿ, ದರ್ಜೆ ಹಾಕಿ ಕಳಿಸುವ ಚೀನಾದ ನೂಲು ಹಾಸಿನ ಎಳೆಯಾಗಿ ತಾಳಿ ನಿಲ್ಲುತ್ತದೆ. ಅದಕ್ಕಾಗಿಯೇ ಹಲವು ಕಡೆ ಹಾಸು ಚೀನಾದ್ದು, ಹೊಕ್ಕು ನಮ್ಮದು ಎಂಬ ಹೊಂದಾಣಿಕೆ ನಡೆದುಬಂದಿದೆ. ಇಂಥ ನೇಕಾರನ ಮೇಲೆ ಸುಂಕ ಹೇರಿದರೆ ಅವನು ಸ್ಥಳೀಯ ನೂಲಿಗೆ ಮರಳುವುದಿಲ್ಲ. ಅದೇ ನೂಲನ್ನು ಹೆಚ್ಚು ಕೊಟ್ಟು ಕೊಳ್ಳುತ್ತಾನೆ. ರೈತನಿಗೆ ಸಿಗಬೇಕಾದ ರಕ್ಷಣೆ ಅಷ್ಟರ ಮಟ್ಟಿಗೆ ನೇಕಾರನ ಮೇಲಿನ ದಂಡವಾಗಿ ಮಾರ್ಪಡುತ್ತದೆ.

ನಡುವೆ ಸಿಕ್ಕಿಕೊಂಡ ರೀಲರ್

ಹರಾಜಿನಲ್ಲಿ ದರ ಇಳಿಸುವವನೆಂದು ರೈತರ ಸಿಟ್ಟಿಗೆ ಮೊದಲು ಗುರಿಯಾಗುವವನು ರೀಲರ್. ಅವನ ಮನೆಯಂಗಳದ ಘಟಕದಲ್ಲಿ ಬೆಳಗಿನಿಂದ ಬಿಸಿನೀರಿನ ಆವಿ, ಕೋಶ ಬೆಂದ ವಾಸನೆ. ಒಂದು ಎಳೆ ನೂಲಿಗೆ ಏಳೆಂಟು, ಒಮ್ಮೊಮ್ಮೆ ಹತ್ತು ಗೂಡುಗಳ ಎಳೆ ಒಟ್ಟುಗೂಡಿಸಬೇಕು. ಒಂದು ಗೂಡು ಮುಗಿದ ಕ್ಷಣವೇ ಇನ್ನೊಂದರ ತುದಿ ಸಿಕ್ಕಿಸದಿದ್ದರೆ ನೂಲು ಅಲ್ಲಿ ಸಣ್ಣಗಾಗುತ್ತದೆ. ನೇಕಾರನ ಮಗ್ಗದಲ್ಲಿ ತುಂಡಾಗುವ ಎಳೆಯ ಕಥೆ ಶುರುವಾಗುವುದು ಇಲ್ಲಿ. ಕೈ ಸೋತರೆ, ಬೆಂಕಿ ಹೆಚ್ಚಾದರೆ, ಮಳೆಗಾಲದ ತೇವದಲ್ಲಿ ಕಟ್ಟಿದ ಗೂಡು ಸರಿಯಾಗಿ ಬಿಚ್ಚಿಕೊಳ್ಳದಿದ್ದರೆ ದರ್ಜೆ ಕೆಡುತ್ತದೆ.

ರೀಲರ್ ಗೂಡಿಗೆ ಹಣ ಕೂಡಲೇ ಕೊಡಬೇಕು, ನೂಲು ಹಲವು ಸಲ ಸಾಲಕ್ಕೆ ಹೋಗುತ್ತದೆ. ಈ ಮಧ್ಯೆ ನೂಲಿನ ದರ ಇಳಿದರೆ ಕೊಂಡ ಗೂಡೇ ನಷ್ಟ. ಅವನಿಗೂ ದಾಸ್ತಾನಿಡುವ ಶಕ್ತಿ ಇಲ್ಲ. ಹಾಗಾಗಿ ಬೆಂಗಳೂರಿನಲ್ಲೋ ಕಂಚಿಯಲ್ಲೋ ನೂಲಿನ ಬೇಡಿಕೆ ತುಸು ಮಂದವಾಯಿತೆಂದರೆ ಮರುದಿನವೇ ಹರಾಜಿನಲ್ಲಿ ಕೂಗು ತಗ್ಗುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ, ಸೀರೆ ಓಡುವುದಿಲ್ಲ. ಹುಳುವಿಗೆ ಆಷಾಢ ಗೊತ್ತಿಲ್ಲ. ಆ ತಿಂಗಳ ಕುಸಿತವನ್ನೂ ಚೀನಾದ ತಲೆಗೆ ಕಟ್ಟುವುದು ಸರಿಯಲ್ಲ.

ಇಂಥ ಹೊತ್ತಿನಲ್ಲಿ ನೂಲು ಕೊಂಡು ದರ ಹಿಡಿದು ನಿಲ್ಲಿಸಲೆಂದೇ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ 1979ರಲ್ಲಿ ಹುಟ್ಟಿತು. ಮಂಡಳಿಯ ಕೈಯಲ್ಲಿ ದುಡಿಯುವ ಬಂಡವಾಳ ಎಷ್ಟಿದೆ ಎಂಬುದರ ಮೇಲೆ ಶಿಡ್ಲಘಟ್ಟದ ದರ ಎಷ್ಟು ಬೀಳುತ್ತದೆ ಎಂಬುದು ನಿಂತಿದೆ. ಬೆಂಬಲ ಬೆಲೆಯ ಕೂಗಿಗೆ ಸಿಗುವ ಪ್ರಚಾರದ ಕಾಲು ಭಾಗವಾದರೂ ಮಂಡಳಿಯ ಬಂಡವಾಳದ ಪ್ರಶ್ನೆಗೆ ಸಿಗಬೇಕಿತ್ತು.

ಜಿಎಸ್‌ಟಿ ಗೊಂದಲ ಮತ್ತು ನಿಜವಾದ ಎದುರಾಳಿ

2,500 ರೂಪಾಯಿ ಮೀರಿದರೆ ಶೇ 18 ಎಂಬ ನಿಯಮ ಹೊಲಿದ ಸಿದ್ಧ ಉಡುಪಿಗೆ. ಸೀರೆ ಹೊಲಿಯದ ಬಟ್ಟೆ, ತೆರಿಗೆಯ ಲೆಕ್ಕದಲ್ಲಿ ಅದು ಜವಳಿ. ಬೆಲೆ ಎಷ್ಟೇ ಇರಲಿ ಶೇ 5. ಗೂಡಿಗೂ ಕಚ್ಚಾ ರೇಷ್ಮೆಗೂ ಜಿಎಸ್‌ಟಿ ಇಲ್ಲ.

ರೇಷ್ಮೆಗೆ ಸಂಬಂಧಿಸಿದ ನಿಜವಾದ ಬದಲಾವಣೆ ಬೇರೆ ಕಡೆ ಆಗಿದೆ. ಕೃತಕ ನಾರಿನ ಮೇಲಿನ ತೆರಿಗೆ ಶೇ 18ರಿಂದ, ಕೃತಕ ನೂಲಿನದು ಶೇ 12ರಿಂದ, ಎರಡೂ ಶೇ 5ಕ್ಕೆ ಇಳಿದಿವೆ. ಮೊದಲೂ ಹೆಚ್ಚುವರಿ ತೆರಿಗೆಯನ್ನು ಮರಳಿ ಪಡೆಯುವ ದಾರಿ ಇದ್ದುದರಿಂದ ಪಾಲಿಯೆಸ್ಟರ್ ಸೀರೆ ಒಮ್ಮೆಲೇ ಅಗ್ಗವಾಗುವುದಿಲ್ಲ. ಆದರೆ ಮರುಪಾವತಿಗೆ ಕಾಯುತ್ತ ಸಿಲುಕಿಕೊಳ್ಳುತ್ತಿದ್ದ ಬಂಡವಾಳ ಆ ಉದ್ಯಮಕ್ಕೆ ಈಗ ಕೈಗೆ ಸಿಗುತ್ತದೆ.

ಅಗ್ಗದ ನಾರು ರೇಷ್ಮೆಯ ಜಾಗ ಕಿತ್ತುಕೊಂಡ ದೊಡ್ಡ ಉದಾಹರಣೆ ಜಪಾನಿನದು. ಅಲ್ಲಿನ ರೇಷ್ಮೆ ಅಮೆರಿಕದ ಹೆಂಗಸರ ಕಾಲುಚೀಲಗಳನ್ನು ನಂಬಿಕೊಂಡಿತ್ತು. 1938ರಲ್ಲಿ ಡುಪಾಂಟ್ ಕಂಪನಿ ನೈಲಾನ್ ಪ್ರಕಟಿಸಿತು, 1940ರಲ್ಲಿ ನೈಲಾನ್ ಕಾಲುಚೀಲ ಅಂಗಡಿಗೆ ಬಂತು. ಯುದ್ಧ ಮುಗಿದ ಮೇಲೂ ಆ ಮಾರುಕಟ್ಟೆ ರೇಷ್ಮೆಗೆ ಮರಳಲಿಲ್ಲ. ನಮ್ಮಲ್ಲಿ ಸೀರೆಗೆ ಇರುವ ಮದುವೆ, ಹಬ್ಬಗಳ ಆಸರೆ ಅಂದಿನ ಕಾಲುಚೀಲಕ್ಕೆ ಇರಲಿಲ್ಲ ಎಂಬುದು ಸಮಾಧಾನ. ಆದರೂ ‘ಸೆಮಿ ಸಿಲ್ಕ್’, ‘ಆರ್ಟ್ ಸಿಲ್ಕ್’ ಹೆಸರಿನಲ್ಲಿ ಪಾಲಿಯೆಸ್ಟರ್, ವಿಸ್ಕೋಸ್ ಸೀರೆಗಳು ನಡುಮನೆಯವರೆಗೆ ಬಂದಾಗಿದೆ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ‘ಸಿಲ್ಕ್ ಮಾರ್ಕ್’ ಚೀಟಿ ಬಟ್ಟೆ ಶುದ್ಧ ರೇಷ್ಮೆಯೆಂದು ಹೇಳುತ್ತದೆ. ರೇಷ್ಮೆ ಶಿಡ್ಲಘಟ್ಟದ್ದೋ ಚೀನಾದ್ದೋ ಎಂಬುದನ್ನು ಹೇಳುವುದಿಲ್ಲ.

ಮುಂದೇನಾಗಬಹುದು?

ಸುಂಕ ಇನ್ನಷ್ಟು ಏರಿದರೆ ಗೂಡಿನ ದರಕ್ಕೆ ಕೆಲವು ತಿಂಗಳು ಬಲ ಬರುತ್ತದೆ. ಹಾಸಿನ ನೂಲಿನ ಕೊರತೆ ನೀಗುವುದಿಲ್ಲವಾದ್ದರಿಂದ ಸಣ್ಣ ನೇಕಾರರು ಕೃತಕ ನೂಲಿನತ್ತ ಸರಿಯುತ್ತಾರೆ, ಕಳ್ಳಸಾಗಣೆಗೂ ಲಾಭ ಹೆಚ್ಚುತ್ತದೆ. ರಫ್ತಿಗೆಂದು ಸುಂಕವಿಲ್ಲದೆ ತರಿಸಿದ ನೂಲು ಒಳಮಾರುಕಟ್ಟೆಗೆ ಸೋರುತ್ತದೆ ಎಂಬ ಹಳೆಯ ದೂರೂ ಮತ್ತೆ ಏಳುತ್ತದೆ. ಸುಂಕ ಥಟ್ಟನೆ ಇಳಿದರೆ 2011 ಮರುಕಳಿಸುತ್ತದೆ. ಅಂದಿಗಿಂತ ಇಂದು ಪೆಟ್ಟು ಜೋರಾಗಬಹುದು. ಹಿಪ್ಪುನೇರಳೆಯ ಜಾಗಕ್ಕೆ ಹೂವು, ದ್ರಾಕ್ಷಿ, ಟೊಮೆಟೊ ಕಾದು ಕೂತಿವೆ. ಪಕ್ಕದ ತೋಟಕ್ಕೆ ಹೊಡೆದ ಕೀಟನಾಶಕ ಗಾಳಿಯಲ್ಲಿ ತೇಲಿ ಬಂದು ಸೊಪ್ಪಿನ ಮೇಲೆ ಕೂತು ಇಡೀ ಹುಳುಮನೆಯನ್ನೇ ಮಲಗಿಸುವ ಸಮಸ್ಯೆ ಈ ಜಿಲ್ಲೆಗಳಲ್ಲಿ ಈಗಲೇ ಇದೆ. ನಾಲ್ಕು ಜನ ಹಿಪ್ಪುನೇರಳೆ ಕಿತ್ತರೆ ಐದನೆಯವನಿಗೆ ಹುಳು ಮೇಯಿಸುವುದು ಕಷ್ಟವಾಗುತ್ತದೆ.

ದೇಶದ ಕಚ್ಚಾ ರೇಷ್ಮೆ ಉತ್ಪಾದನೆ 2023-24ರಲ್ಲಿ 38,913 ಟನ್ ತಲುಪಿತ್ತು. ಚೀನಾದಲ್ಲಿ ಕೂಲಿ, ಭೂಮಿಯ ಬೆಲೆ ಏರಿ ರೇಷ್ಮೆ ಪೂರ್ವ ಕರಾವಳಿಯ ಪ್ರಾಂತ್ಯಗಳಿಂದ ಗುವಾಂಗ್ಶಿ ಕಡೆಗೆ ಸರಿದಿದೆ, ಒಟ್ಟು ಉತ್ಪಾದನೆಯೂ ಹಿಂದಿನಷ್ಟಿಲ್ಲ. ಅಗ್ಗದ ಚೀನಾ ನೂಲು ಎಂದೆಂದಿಗೂ ಸಿಗುತ್ತದೆ ಎಂಬ ನೇಕಾರರ ಲೆಕ್ಕಾಚಾರಕ್ಕೂ, ಅದು ಎಂದೆಂದಿಗೂ ಕಾಡುತ್ತದೆ ಎಂಬ ರೈತರ ಭಯಕ್ಕೂ ಗಟ್ಟಿ ಆಧಾರವಿಲ್ಲ.

ಚೀನಾದ ಉತ್ಪಾದನೆ ತಗ್ಗಿ ತೆರವಾಗುವ ಜಾಗವನ್ನು ಬಳಸಿಕೊಳ್ಳಬೇಕಾದರೆ ಹಾಸಿನ ಎಳೆಯಾಗಿ ತಾಳಿ ನಿಲ್ಲುವ ನೂಲು ಇಲ್ಲೇ ಆಗಬೇಕು. ಸ್ವಯಂಚಾಲಿತ ಬಿಚ್ಚುವ ಯಂತ್ರಗಳಿಗೆ ಸರ್ಕಾರ ಸಹಾಯಧನ ಕೊಡುತ್ತಿದೆ. ಆದರೆ ಆ ಯಂತ್ರಕ್ಕೆ ಒಂದೇ ಗುಣದ ದ್ವಿತಳಿ ಗೂಡು ದಿನವೂ ರಾಶಿಗಟ್ಟಲೆ ಬೇಕು, ಮನೆಯಂಗಳದ ಘಟಕದವನಿಗೆ ಅದರ ಬಂಡವಾಳ ಎಟುಕುವುದಿಲ್ಲ. ದ್ವಿತಳಿ ಹುಳು ಇಲ್ಲಿನ ಬೇಸಿಗೆಗೆ ಸೂಕ್ಷ್ಮ; ಅದನ್ನು ಸಾಕುವ ರೈತನಿಗೆ ಹೆಚ್ಚಿನ ದರದ ಖಾತರಿ ಬೇಕು. ಗುಣಮಟ್ಟವನ್ನು ಹೆಬ್ಬೆರಳು ನಿರ್ಧರಿಸುವ ಹರಾಜಿನಲ್ಲಿ ಒಳ್ಳೆಯ ಗೂಡಿಗೂ ಸಾಧಾರಣ ಗೂಡಿಗೂ ಅಂತರ ಕಡಿಮೆ, ಹೀಗಾಗಿ ಹೆಚ್ಚು ಶ್ರಮ ಹಾಕಲು ರೈತನಿಗೆ ಕಾರಣವೂ ಕಡಿಮೆ. ಶಿಡ್ಲಘಟ್ಟಕ್ಕೆ ಸರ್ಕಾರ ಘೋಷಿಸಿರುವ ಹೈಟೆಕ್ ಮಾರುಕಟ್ಟೆಯಲ್ಲಿ ದೊಡ್ಡ ಹರಾಜು ಅಂಗಳದ ಜೊತೆಗೆ ಲಾಟಿನ ಮಾದರಿ ತೆಗೆದು, ಚಿಪ್ಪಿನ ಪ್ರಮಾಣ ಮತ್ತು ನೂಲಿನ ಇಳುವರಿ ಅಳೆದು, ಆ ಅಂಕಿಯನ್ನು ಹರಾಜಿಗೆ ಮುಂಚೆ ಪರದೆಯ ಮೇಲೆ ಹಾಕುವ ಪ್ರಯೋಗಾಲಯ ಇರುತ್ತದೆಯೇ ಎಂಬುದು, ನನ್ನ ಮಟ್ಟಿಗೆ, ಬಜೆಟ್ ದಿನ ಸುಂಕ ಶೇ 15 ಉಳಿಯಿತೇ ಎನ್ನುವುದಕ್ಕಿಂತ ಹೆಚ್ಚು ಕಾಲ ಗಮನಿಸಬೇಕಾದ ಸಂಗತಿ.